ಕುಸುಮಳ ತಾತ್ಕಾಲಿಕ ಲೈಸೆನ್ಸು

ಹಾಲು ತರಲು ಹೋದ ಕುಸುಮ ಎದುರುಮನೆ ಸರೋಜಮ್ಮನವರಿಗೆ ವಿಷಯ ಹೇಳಿದ್ದೇ ತಪ್ಪಾಯಿತು.

ಅವಳ ನರ್ಸಿಂಗ್ ಓದು ಮುಗಿದಿತ್ತು. ಕೊರೊನಾ ದೆಸೆಯಿಂದ ನೋಂದಣಿ ನಿಂತು, ಕಾಯಂ ಲೈಸೆನ್ಸು ಯಾವಾಗ ಬರುವುದೋ ಆ ದೇವರಿಗೇ ಗೊತ್ತಿತ್ತು. ಅಷ್ಟರಲ್ಲಿ, ಹೊಸದಾಗಿ ಪಾಸಾದವರಿಗೆ ಕಾಯಿಲೆ ಇಳಿಯುವವರೆಗೆ ತಾತ್ಕಾಲಿಕ ಲೈಸೆನ್ಸು ಕೊಡುತ್ತೇವೆಂದು ಸರ್ಕಾರ ಹೇಳಿತು. ಆ ದಿನ ಬೇಗ ಹೋಗಿ ಆಸ್ಪತ್ರೆಯಲ್ಲಿ ಹಾಜರಾದವರಿಗೆ ಕೆಲಸ. ಉಳಿದವರು ಮನೆಯಲ್ಲೇ.

ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಬೀದಿಯ ಸಂಘದ ಅಧ್ಯಕ್ಷ ನಂಜುಂಡಸ್ವಾಮಿ ಶಾಲು, ಹಾರ, ಮೈಸೂರು ಪೇಟದ ಸಮೇತ ಬಾಗಿಲಲ್ಲಿದ್ದರು. ಮೈಸೂರಿನ ಹೂಟಗಳ್ಳಿಯ ಆ ಬೀದಿಯಲ್ಲಿ ಸನ್ಮಾನವಿಲ್ಲದೆ ಯಾರೂ ನಿವೃತ್ತರಾದವರಲ್ಲ. ಕೆಲಸಕ್ಕೆ ಸೇರುವವರಿಗೂ ಆಗಲಿ ಎಂದು ಅವರ ತೀರ್ಮಾನ.

"ಲೇಟಾಗುತ್ತೆ ಅಂಕಲ್. ಸಂಜೆ ಬಂದ್ಮೇಲೆ ಮಾಡಿ."

"ಸಂಜೆ ನಿನ್ನ ಹತ್ರ ಯಾರು ಬರ್ತಾರಮ್ಮ? ಕೊರೊನಾ ವಾರ್ಡಿಂದ ಬಂದಿರ್ತೀಯ. ಈಗ್ಲೇ ಮುಗಿಸ್ಬುಡ್ತೀವಿ, ಕೂತ್ಕೊ."

ಕೂತಳು. ರಾಹುಕಾಲ ಕಳೆಯಲೆಂದು ಸರೋಜಮ್ಮ ತಡೆದರು. ತಾಯಿ ಮಾದೇವಮ್ಮ ಅವಸರವಿಲ್ಲದೆ ಎಲ್ಲರಿಗೂ ಎರಡನೇ ಸಲ ಕಾಫಿ ಕೊಟ್ಟರು. ಆಮೇಲೆ ಪೇಟ ಹುಬ್ಬಿಗಿಳಿಯಿತು, ಮಾಸ್ಕು ಮೂಗಿಗೇರಿತ್ತು. ನಡುವೆ ಉಳಿದ ಕುಸುಮ ಗೂಡಿನಿಂದ ಇಣುಕುವ ಗೀಜಗದ ಮರಿಯಂತೆ ಕಂಡಳು. ಫೋಟೊದಲ್ಲಿ ಯಾರೆಂದೇ ತಿಳಿಯುವುದಿಲ್ಲವೆಂದು ಸರೋಜಮ್ಮ ಪೇಟ ತೆಗೆಸಿ ಹಾರವನ್ನು ಮತ್ತೊಮ್ಮೆ ಹಾಕಿಸಿದರು. ನಂಜುಂಡಸ್ವಾಮಿಯವರ ಭಾಷಣ ಅಜ್ಜನ ಕಾಲದ ಪ್ಲೇಗಿನಿಂದ ಹೊರಟಿತು. ಅದು ಕೊರೊನಾಕ್ಕೆ ಬಂದು ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಕುಸುಮ ಹಾರ ಕಿತ್ತಿಟ್ಟು ಓಡಿದಳು. ಆಟೊದಲ್ಲಿ ಉದ್ದಕ್ಕೂ ಹಲ್ಲು ಕಡಿಯುತ್ತಲೇ ಇದ್ದಳು.

ಆಸ್ಪತ್ರೆಯ ಗುಮಾಸ್ತ ಕರಿಬಸವಯ್ಯ ಮೇಜು ಒರೆಸುತ್ತಿದ್ದರು. "ಬೆಳಿಗ್ಗೆ ಬಂದವ್ರಿಗೆಲ್ಲ ಕೊಟ್ವಿ ಕಣಮ್ಮ. ಕಾಯಿಲೆ ಇಳೀತಾ ಇದೆ, ಇನ್ನು ಹೊಸಬರು ಬೇಡ ಅಂತ ಈಗ ತಾನೇ ಆರ್ಡರ್ ಬಂತು. ಎಲ್ಲಿಗೆ ಹೋಗಿದ್ದೆ?"

ಕುಸುಮ ಜಡೆಗೆ ಅಂಟಿದ್ದ ಹಾರದ ಎಸಳನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದಳು. ಮಾದೇವಮ್ಮನವರ ಮುಖ ಹೊಸದಾಗಿ ಬೆಳಗಿದ ಹಿತ್ತಾಳೆ ದೀಪದಂತಾಯಿತು. ಬೆಟ್ಟದ ಮೇಲಿನ ದೇವಿಯ ಕಡೆಗೆ ತಿರುಗಿ ಕೈಮುಗಿದರು.

"ನೀನು ಆ ವಾರ್ಡಿಗೆ ಕಾಲಿಡೋ ಮುಂಚೆ ಕಾಯಿಲೆ ಇಳೀಲಿ ಅಂತ ತಾಯಿಗೆ ಬೆಳಿಗ್ಗೆ ತಾನೇ ಹರಕೆ ಕಟ್ಕೊಂಡಿದ್ದೆ ಕಣೆ. ಎಷ್ಟು ಬೇಗ ಕಣ್ಬುಟ್ಟಳು ನೋಡು."

ಊರಿಗೆಲ್ಲ ಒಳ್ಳೆಯದಾದ ದಿನ ತನ್ನೊಬ್ಬಳ ದೂರನ್ನು ಆ ದೇವಿಯ ಮುಂದೆ ಹೇಗಿಡುವುದು? ಕುಸುಮ ತಾನೂ ಕೈಮುಗಿದಳು.

"ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಸ್ತೀನಿ ಅಂದಿದ್ದೀನಿ," ಎಂದರು ಮಾದೇವಮ್ಮ. "ನನ್ನ ಮಂಡಿ ಕೇಳಲ್ಲ. ನಾಳೆ ನೀನೇ ಹಚ್ಕೊಂಡು ಹತ್ತು. ಹೆಂಗೂ ಬಿಡುವಾಗಿದ್ದೀಯಲ್ಲ."