ಕೂಸಿಗಿಂತ ಮೊದಲು ಕುಲಾವಿ

ನಾಲ್ಕು ಹೆಣ್ಣುಮಕ್ಕಳು ನಡುವೆ ಒಂದು ಡಬ್ಬಿ ಇಟ್ಟುಕೊಂಡು ಕೂತರೆ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಬೇಡವೆಂದರೂ ಬಿಡುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರ ಬಚತ್ ಗಟ, ಅಂದರೆ ಉಳಿತಾಯದ ಗುಂಪು, ಕಟ್ಟುವುದು. ವಾರ ವಾರ ಐದೈದು ರೂಪಾಯಿ ಕೂಡಿಸಿ, ಹೆರಿಗೆಯ ಹೊತ್ತಿಗೆ ಗಾಡಿಗೆ, ದವಾಖಾನೆಗೆ, ಔಷಧಕ್ಕೆ ಆಗುವಂತೆ ಮಾಡುವುದು. ಚಿಂಚವಾಡ ದಾಟಿ ಒಂದು ಕಲ್ಲುಗಣಿ ಇತ್ತು. ಅಲ್ಲಿ ಬಂಡೆ ಒಡೆಯುವವರೆಲ್ಲ ನಮ್ಮ ವಿಜಾಪುರದ ಕಡೆಯವರು. ನಮ್ಮ ಸಂಸ್ಥೆಯ ಮರಾಠಿ ಬಾಯಿಯರು ಹೋದರೆ ಸುಮ್ಮನೆ ತಲೆ ಅಲ್ಲಾಡಿಸಿ ಕಳಿಸಿಬಿಡುತ್ತಿದ್ದರಂತೆ. "ನಿಮ್ಮ ಜನ, ನೀವೇ ಹೋಗಿ" ಎಂದರು ನಮ್ಮ ಸಾಹೇಬರು. ಹೋದೆ.

ಆ ಗಣಿ ಈಗಿಲ್ಲ, ಅಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗು ಎದ್ದಿವೆ. ಆ ದಾರಿಯಲ್ಲಿ ಹೋದಾಗೆಲ್ಲ ನನಗೆ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ಹಳಹಳಿ.

ವಾಯು

ಮೊದಲ ಸಭೆ ಬೇವಿನ ಗಿಡದ ಕೆಳಗೆ. ಕಚೇರಿಯಲ್ಲಿ ಕಲಿಸಿದ ಹಾಗೆ ಕೇಳಿದೆ, "ನಿಮ್ಮೊಳಗ ಬಸುರಿ ಇದ್ದವರು ಕೈ ಎತ್ತರಿ."

ಒಂದು ಕೈಯೂ ಏಳಲಿಲ್ಲ. ನನ್ನ ಎದುರಿಗೇ ಒಬ್ಬಾಕೆ ಕಾಲು ಚಾಚಿ ಕೂತಿದ್ದಳು. ಅವಳ ಹೊಟ್ಟೆಯ ಮೇಲೆ ತಂಬಿಗೆ ಇಟ್ಟರೆ ಅಲ್ಲಾಡದೆ ನಿಲ್ಲುವಂತಿತ್ತು.

"ಯಾಕವ್ವಾ, ನೀ ಬಸುರಿ ಅಲ್ಲೇನು?"

"ಇಲ್ರಿ ಬಾಯಾರ. ವಾಯು ಆಗೇದ."

ಹೊಸದಾಗಿ ಮದುವೆಯಾಗಿ ಬಂದಿದ್ದ ಒಂದು ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗುಂಪಿನ ಹಿರಿಯ ಮುದುಕಿ ಅವಳ ತೊಡೆಗೆ ಒಂದು ಏಟು ಕೊಟ್ಟು, ನನ್ನ ಕಡೆ ತಿರುಗಿ ಬುದ್ಧಿ ಹೇಳಿದಳು: "ಹೊಟ್ಟ್ಯಾಗಿನ ಮಾತು ಹಿಂಗ ಬಯಲಾಗ ಕೇಳಬಾರದ್ರಿ, ದೃಷ್ಟಿ ಆಗ್ತದ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ, ಹಂಗಾತು ನಿಮ್ಮ ಡಬ್ಬಿ."

ಗಾದೆಗೆ ಎದುರು ಮಾತಾಡುವುದು ಯಾರಿಂದಾದೀತು! ಕೊನೆಗೆ ಒಂದು ಒಪ್ಪಂದವಾಯಿತು. ಯಾರು ಬಸುರಿ ಎಂದು ಯಾರೂ ಹೇಳುವುದು ಬೇಡ, ಎಲ್ಲರೂ ದುಡ್ಡು ಹಾಕುವುದು, ಹೊತ್ತು ಬಂದವರಿಗೆ ಕೊಡುವುದು. ಎಲ್ಲರಿಗಿಂತ ಮೊದಲು ಸೆರಗಿನ ಗಂಟು ಬಿಚ್ಚಿದವಳು ಆ ಮುದುಕಿಯೇ. ನಿನಗ್ಯಾಕೆ ಎಂದು ಉಳಿದವರು ನಕ್ಕರೆ, "ಇರಲೇಳ್ರಿ, ದೃಷ್ಟಿ ನನ್ನ ಮ್ಯಾಲೆ ಬಿದ್ರ ನನಗೇನ ಲುಕ್ಸಾನ ಅದ?" ಅಂದಳು.

ವಾಯು ಆದವಳು ಹದಿನೈದು ದಿನಕ್ಕೆ ಗಂಡು ಹೆತ್ತಳು. ಆಮೇಲೆ ಆ ಗಣಿಯಲ್ಲಿ ಯಾರೂ ಬಸುರಿಯಾಗಲಿಲ್ಲ. ಆದವರಿಗೆಲ್ಲ ವಾಯುವೇ ಆಗುತ್ತಿತ್ತು.

ಮೂರು ಕೀಲಿ

ಡಬ್ಬಿಗೆ ಮೂರು ಕೀಲಿ ಹಾಕಬೇಕು, ಮೂರು ಕೀಲಿಕೈ ಮೂವರ ಹತ್ತಿರ ಇರಬೇಕು, ಆಗ ಯಾರೊಬ್ಬರೂ ಗುಟ್ಟಾಗಿ ತೆಗೆಯಲು ಆಗುವುದಿಲ್ಲ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಹಾಗೇ ಮಾಡಿದೆವು. ಆ ನಗುವ ಹುಡುಗಿಗೂ ಒಂದು ಕೀಲಿಕೈ ಸಿಕ್ಕಿತು. ಅವಳು ಅದನ್ನು ತಾಳಿಯ ಜೊತೆ ಕಟ್ಟಿಕೊಂಡು ಊರೆಲ್ಲ ತೋರಿಸಿಕೊಂಡು ಬಂದಳು.

ಒಂದು ಮಧ್ಯಾಹ್ನ ಗಣಿಯ ಒಬ್ಬಳಿಗೆ ಬೇನೆ ಶುರುವಾಯಿತು. ಇಬ್ಬರು ಕೀಲಿಕೈ ತಂದರು. ಮೂರನೆಯವಳು ತಂಗಿಯ ಮಗಳ ಮದುವೆಗೆಂದು ಲೋಣಾವಳಾಕ್ಕೆ ಹೋಗಿದ್ದಳು, ಕೀಲಿಕೈ ಅವಳ ಸೊಂಟದಲ್ಲಿ ಮದುವೆ ಊಟ ಮಾಡುತ್ತಿತ್ತು. ಬಸುರಿ ಒಳಗೆ ಕೂಗುತ್ತಿದ್ದಾಳೆ, ಹೊರಗೆ ನಾನು, ಲೋಣಾವಳಾಕ್ಕೆ ಯಾರನ್ನು ಕಳಿಸುವುದು, ಲೋಕಲ್ ರೈಲು ಎಷ್ಟು ಹೊತ್ತಿಗೆ ಇದೆ ಎಂದು ಕೇಳುತ್ತಿದ್ದೇನೆ. ಬಸುರಿಯ ಅತ್ತೆ ನನ್ನನ್ನೊಮ್ಮೆ ನೋಡಿದಳು, ಕೀಲಿಯನ್ನೊಮ್ಮೆ ನೋಡಿದಳು. "ಸರೀರಿ ಅತ್ತಾಗ" ಎಂದು ಸುತ್ತಿಗೆ ಎತ್ತಿ ಒಂದೇ ಏಟು. ಬೆಳಗಾದರೆ ಬಂಡೆ ಒಡೆಯುವ ಕೈ ಅದು. ಕೀಲಿ ಅಲ್ಲ, ಡಬ್ಬಿಯ ಮುಚ್ಚಳವೇ ಕಿತ್ತು ಬಂತು.

ತಾಯಿ, ಕೂಸು ಇಬ್ಬರೂ ಉಳಿದರು. ಆದರೆ ಗುಂಪಿಗೆ ನಿಯಮ ನಿಯಮವೇ. ಮುಂದಿನ ವಾರ ಪಂಚಾಯಿತಿ ಕೂತು, ಕೀಲಿ ಮುರಿದದ್ದಕ್ಕೆ ಅತ್ತೆಗೆ ದಂಡ ಹಾಕಿದರು. ಜೀವ ಉಳಿಸಿದ್ದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡಿದರು. ತೆಂಗಿನಕಾಯಿ ತಂದದ್ದು ದಂಡದ ದುಡ್ಡಿನಲ್ಲೇ.

ಎಲ್ಲರ ಜೀಪು

ಬೇನೆ ಬಂದಾಗ ಗಾಡಿ ಹುಡುಕುವ ಪರದಾಟ ಬೇಡವೆಂದು ಒಬ್ಬ ಜೀಪಿನವನನ್ನು ಮೊದಲೇ ಗೊತ್ತು ಮಾಡಿದೆವು. ಕರೆದರೆ ಬರಬೇಕು, ದುಡ್ಡು ಡಬ್ಬಿಯಿಂದ. ಮೊದಲ ಸಲ ಜೀಪು ಬಂದ ದಿನ ನಾನೂ ಅಲ್ಲಿದ್ದೆ. ಬಸುರಿ ಗುಡಿಸಲಿಂದ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುವಷ್ಟರಲ್ಲಿ ಜೀಪು ತುಂಬಿ ಹೋಗಿತ್ತು. ಗುಂಪಿನ ಹೆಂಗಸರೆಲ್ಲ ಹತ್ತಿ ಕೂತಿದ್ದಾರೆ, ಕೆಲವರು ತಲೆ ಬಾಚಿ ಹೂವನ್ನೂ ಮುಡಿದಿದ್ದಾರೆ.

"ಇಳೀರವ್ವಾ, ಆಕಿಗೆ ಜಾಗಾ ಬಿಡ್ರಿ!"

"ನಮ್ಮ ರೊಕ್ಕಾನೂ ಅದ ಅಲ್ರೀ ಇದರಾಗ?"

ಒಬ್ಬರೂ ಇಳಿಯಲಿಲ್ಲ. ಕೊನೆಗೆ ಬಸುರಿಯನ್ನು ಡ್ರೈವರನ ಪಕ್ಕ ತುರುಕಿದರು. ಗೇರು ಬದಲಿಸಬೇಕಾದಾಗೆಲ್ಲ ಅವನು ಕೈಮುಗಿದು "ತಾಯಿ, ಸ್ವಲ್ಪ" ಅನ್ನುತ್ತಿದ್ದ. ದವಾಖಾನೆಯ ಬಾಗಿಲಲ್ಲಿ ನರ್ಸು ಬಂದು, ಇಷ್ಟು ಮಂದಿಯಲ್ಲಿ ಹೆರುವವರು ಯಾರು ಎಂದು ಕೇಳಿದಳು. ಹಿಂದಿನ ಸೀಟಿನಿಂದ ನಮ್ಮ ನಗುವ ಹುಡುಗಿ ಕೈ ಎತ್ತಿದಳು: "ಆಕಿ ಇವತ್ತ. ನಾ ದೀಪಾವಳಿಗೆ."

ಹೀಗೆ ಎಲ್ಲರೆದುರು ಬಾಯಿಬಿಟ್ಟು ಹೇಳಿದ ಮೊದಲ ಹೆಣ್ಣು ಅವಳೇ. ಹಿರಿಯ ಮುದುಕಿ ಜೀಪಿನಲ್ಲೇ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಸ್ವಾರಗೇಟಿನಲ್ಲಿ

ಆ ಹುಡುಗಿಗೆ ಡಬ್ಬಿಯ ಮೇಲೆ ಎಂಥ ನಂಬಿಕೆ! ಗಂಡನ ಬೀಡಿಯ ದುಡ್ಡು ಕಿತ್ತು ತಂದು ಹಾಕುತ್ತಿದ್ದಳು. "ನಂದು ಎಲ್ಲಾ ತಯಾರದ ರೀ, ಕೂಸೊಂದು ಬರೂದು ಬಾಕಿ" ಅನ್ನುತ್ತಿದ್ದಳು. ನಿಜವೇ, ಎಲ್ಲ ತಯಾರಿತ್ತು. ಜೀಪಿನವನಿಗೆ ಹೇಳಿದ್ದೆವು, ನರ್ಸಿಗೆ ಹೇಳಿದ್ದೆವು, ಗಂಡನನ್ನು, ಅತ್ತೆಯನ್ನು ಒಪ್ಪಿಸಿದ್ದೆವು.

ಏಳನೇ ತಿಂಗಳಲ್ಲಿ ಊರಿಂದ ಅವಳ ಅವ್ವ ಬಂದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಸೀಮಂತದ ಕುಬಸ ಮಾಡಿ, "ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು" ಎಂದು ಮಗಳನ್ನು ಕರೆದುಕೊಂಡು ಹೊರಟೇಬಿಟ್ಟಳು. ಜೀಪು ಇಲ್ಲಿ, ದವಾಖಾನೆ ಇಲ್ಲಿ, ಡಬ್ಬಿ ಇಲ್ಲಿ. ಹೆರುವವಳು ವಿಜಾಪುರದ ಬಸ್ಸಿನಲ್ಲಿ. ನಾನೂ ಚೊಚ್ಚಲಿಗೆ ತವರಿಗೇ ಹೋದವಳು, ಆದರೂ ಇದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಹೆಂಗಸರು ಸುಮ್ಮನಿರಲಿಲ್ಲ. ಅವಳ ಪಾಲಿನ ದುಡ್ಡು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನನ್ನೊಂದಿಗೆ ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಓಡಿ ಬಂದರು. ಬಸ್ಸು ಬಿಡುವುದರಲ್ಲಿತ್ತು. ಗಂಟನ್ನು ಕಿಟಕಿಯೊಳಗೆ ಹಾಕಿದೆವು. ಅವ್ವ ಹೊರಗೆ ಹಾಕಿದಳು.

"ಮಗಳ ಬಾಣಂತನಕ್ಕ ಬೀಗರ ಮನಿ ರೊಕ್ಕ ತಗೊಂಡು ಊರಾಗ ಹೆಂಗ ಮುಖಾ ತೋರಸ್ಲಿ? ತವರಮನಿ ಸತ್ತದಂತ ತಿಳದೀರೇನು?"

"ಇದು ಆಕಿದ ರೊಕ್ಕ ಬೇ!"

"ಆಕಿ ಈಗ ಬೀಗರ ಮನಿಯಾಕಿ!"

ಗಂಟು ಒಳಗೆ, ಗಂಟು ಹೊರಗೆ. ಬಸ್‌ಸ್ಟ್ಯಾಂಡಿನ ಜನ ಸುತ್ತ ನಿಂತು ನೋಡತೊಡಗಿದರು. ಬಾಳೆಹಣ್ಣಿನವನು ಬುಟ್ಟಿ ಕೆಳಗಿಟ್ಟು ಎರಡು ಸಲ ಗಂಟು ಕ್ಯಾಚು ಹಿಡಿದ. ಹುಡುಗಿ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಂಡಕ್ಟರನಿಗೆ ತಾಳ್ಮೆ ತಪ್ಪಿತು. ಅವನು ಮರಾಠಿಯಲ್ಲಿ ಕೂಗಿದ: "ಅಮ್ಮಾ, ಇಬ್ಬರಿಗೂ ಬೇಡವಾದರೆ ನನಗೇ ಕೊಡಿ, ನನ್ನ ಹೆಂಡತಿಗೂ ಏಳು ತಿಂಗಳು!"

ಬಸ್ಸು ಹೊರಟಿತು. ಗಂಟು ನಮ್ಮ ಕೈಯಲ್ಲೇ ಉಳಿಯಿತು.

ಇದರ ಮುಂದಿನದು ನಗುವ ಮಾತಲ್ಲ, ಆದರೆ ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. ಅಲ್ಲಿ ಬೇನೆ ಬಂದಾಗ ಗಾಡಿಯವನು ಮೊದಲು ದುಡ್ಡು ಇಡು ಅಂದನಂತೆ. ಅವ್ವ ತನ್ನ ಕೊರಳ ಬೋರಮಾಳ ಒತ್ತೆ ಇಡಲು ಮನೆ ಮನೆ ತಿರುಗಿದಳು. ದವಾಖಾನೆ ಮುಟ್ಟುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹುಡುಗಿ ಉಳಿದಳು. ಇಲ್ಲಿ ಡಬ್ಬಿ ತುಂಬಿತ್ತು.

"ಕುಲಾವಿ ಮೊದಲ ಹೊಲಿಸಿದ್ರ ಹಿಂಗ ಆಗೂದು" ಎಂದು ಕೆಲವರು ಗುಂಪು ಬಿಟ್ಟರು. ಊರಿನವರನ್ನೆಲ್ಲ ಒಪ್ಪಿಸಿದ ನಾವು ಹೆತ್ತವ್ವನಿಗೊಂದು ಮಾತು ಹೇಳಿ ಕಳಿಸಿರಲಿಲ್ಲ. ಆ ಹಳಹಳಿ ಇಷ್ಟು ವರ್ಷವಾದರೂ ಹೋಗಿಲ್ಲ.

ಸಾಹೇಬರು ಬಂದರು

ಹುಡುಗಿ ಗಣಿಗೆ ತಿರುಗಿ ಬಂದಳು. ಸಭೆಗೆ ಬರುತ್ತಿದ್ದಳು, ಐದು ರೂಪಾಯಿ ಹಾಕುತ್ತಿದ್ದಳು, ನಗುತ್ತಿರಲಿಲ್ಲ. ಮರುವರ್ಷ ಅವಳ ಮುಖದಲ್ಲಿ ಏನೋ ಬದಲಾವಣೆ ಕಂಡಿತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದೇ ವಾರ ಅವಳ ಅವ್ವ ಒಂದು ಬೋಗುಣಿ, ಒಂದು ಕೌದಿ ಹೊತ್ತು ಗಣಿಗೆ ಬಂದಿಳಿದಳು. ಸಭೆಯಲ್ಲಿ ನನ್ನ ಎದುರಿಗೇ ಬಂದು ಕೂತಳು. ಹುಡುಗಿ ಅವಳ ಕೊನೆಯ ಮಗಳು. ಅವ್ವನ ತಲೆಯೆಲ್ಲ ಬೆಳ್ಳಗಾಗಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ.

"ಬಾಯಾರ, ನನ್ನ ಹೆಸರ ಹಚ್ಚರಿ. ನಾ ಬಸುರಿ ಅದೀನಿ."

ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆ ಹೋಯಿತು.

"ಹೌದ್ರಿ. ನಾನೂ ನಾಳಿಂದ ಜಲ್ಲಿ ಒಡಿಯಾಕ ಹೋಗ್ತೀನಿ. ವಾರಾ ಹತ್ತು ರೂಪಾಯಿ ಹಾಕ್ತೀನಿ. ಮಗಳ ಹೆಸರ್ಲೆ ಇದ್ರ ಅದು ಬೀಗರ ರೊಕ್ಕ ಆಗ್ತದ. ನನ್ನ ಹೆಸರ್ಲೆ ಇದ್ರ ತವರಮನಿ ರೊಕ್ಕ. ಈ ಸಲ ಆಕಿ ತವರಿಗೆ ಬರೂದು ಬ್ಯಾಡ, ತವರಮನಿನ ಇಲ್ಲಿಗೆ ಬಂದದ. ದೃಷ್ಟಿ ಬಿದ್ರೂ ನನಗ ಬೀಳಲಿ."

ಹಿರಿಯ ಮುದುಕಿ ತಾನೇ ಎದ್ದು ಅವಳ ಹಣೆಗೆ ಕುಂಕುಮ ಇಟ್ಟಳು. ಎಲ್ಲರೂ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎಷ್ಟೋ ತಿಂಗಳ ಮೇಲೆ ಆ ಹುಡುಗಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ನಗು ಬಂತು. ಆದರೆ ಇಷ್ಟು ಸುಲಭದ ಉಪಾಯಕ್ಕೆ ಒಂದು ಕೂಸು ಹೋಗಬೇಕಾಗಿತ್ತೇ?

ಹೊತ್ತು ಬಂದಾಗ ಜೀಪು ಬಂತು. ಈ ಸಲ ಅವ್ವ ಸುತ್ತಿಗೆ ಹಿಡಿದು ಜೀಪಿನ ಬಾಗಿಲಲ್ಲಿ ನಿಂತಿದ್ದಳು, ಒಬ್ಬರೂ ಹತ್ತಲಿಲ್ಲ. ಹೆಣ್ಣು ಹುಟ್ಟಿತು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಸಾಹೇಬರು ಗಣಿಗೆ ಭೇಟಿ ಕೊಟ್ಟರು. ಅವರದು ಮರಾಠಿ, ಹೆಂಗಸರದು ಕನ್ನಡ, ನಡುವೆ ನಾನು. "ಹೆರಿಗೆ ದುಡ್ಡು ಇತ್ತೀಚೆಗೆ ಯಾರಿಗೆ ಕೊಟ್ಟಿರಿ?" ಎಂದು ಕೇಳಿದರು.

ಅವ್ವ ಎದ್ದು ನಿಂತಳು. "ನನಗ್ರಿ ಸಾಹೇಬ್ರ."

ಸಾಹೇಬರು ಅವಳ ಬಿಳಿ ತಲೆ ನೋಡಿದರು, ಬಾಯಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಕೂಸು?" ಎಂದರು ಮೆಲ್ಲಗೆ.

"ಹೆಣ್ಣು ರೀ. ಆರಾಮ ಅದ." ಅವಳು ಸೆರಗಿನ ತುದಿ ಕೈಗೆ ತೆಗೆದುಕೊಂಡಳು. "ಹ್ವಾದ ಸಲದ್ದು ನನ್ನ ಹಟಕ್ಕ ಹೋತು."

ಆ ಮಾತನ್ನು ನಾನು ಮರಾಠಿಗೆ ಮಾಡಲಿಲ್ಲ. ಸಾಹೇಬರು ಇನ್ನೂ ಮೊದಲ ಮಾತಿನಲ್ಲೇ ಸಿಕ್ಕಿಕೊಂಡಿದ್ದರು.

"ಆದರೂ ಈ ವಯಸ್ಸಿನಲ್ಲಿ... ಒಂಬತ್ತು ತಿಂಗಳು ಯಾರಿಗೂ ಅನುಮಾನ ಬರಲಿಲ್ಲವೇ?"

ಅವ್ವ ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡು ಹೇಳಿದಳು:

"ಎಲ್ಲಿಂದ ಬರ್ತದ್ರಿ ಸಾಹೇಬ್ರ? ಎಲ್ಲಾರೂ ವಾಯು ಅಂದ್ಕೊಂಡಿದ್ರು."