ಟವೆಲಿನ ಕೆಳಗಿನ ಮಾತು

ನನ್ನ ಸೋದರಮಾವನಿಗೆ ಬಾರದ ಭಾಷೆಯೇ ಈ ಭೂಮಿಯ ಮೇಲಿಲ್ಲ! ಹಾಗೆಂದು ಹೇಳುವವನು ಅವನೊಬ್ಬನೇ. ಬರುವುದು ಕನ್ನಡ ಮಾತ್ರ. ಬೇರೆ ಭಾಷೆಯವರು ಸಿಕ್ಕರೆ ಅದನ್ನೇ ಗಟ್ಟಿಯಾಗಿ ಕೂಗುತ್ತಾನೆ.

ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದವನು ಈಗ ಬಿಡುವಾಗಿದ್ದಾನೆ. ನಾನು ನರ್ಸ್ ಆಗಿರುವ ರಾಣೆಬೆನ್ನೂರಿನ ಆಸ್ಪತ್ರೆಗೆ ಬಿ.ಪಿ. ತೋರಿಸಲು ಬಂದರೆ ಸಂಜೆಯವರೆಗೂ ಕದಲುವುದಿಲ್ಲ. ಪರಭಾಷೆಯ ರೋಗಿ ಕಂಡರೆ ಸಾಕು, ಕರೆಯದೆ ನಡುವೆ ಬಂದು ನಿಲ್ಲುತ್ತಾನೆ. ಒಮ್ಮೆ ಬ್ಯಾಡಗಿಗೆ ಮೆಣಸಿನಕಾಯಿ ಮಾರಲು ಬಂದಿದ್ದ ಆಂಧ್ರದ ಹೆಂಗಸೊಬ್ಬಳು ತಲೆಸುತ್ತು ಎಂದು ಬಂದಳು. ಬೆಳಿಗ್ಗೆ ಏನಾದರೂ ತಿಂದಿದ್ದಾಳೆಯೇ ಎಂದು ಡಾಕ್ಟರಮ್ಮ ಕೇಳಬೇಕಿತ್ತು. ಮಾಮಾ ಬಾಯಿಗೆ ಕೈ ಒಯ್ದು, ಹೊಟ್ಟೆ ಸವರಿ, ಕಣ್ಣು ಮೇಲೆ ಮಾಡಿ ಅಭಿನಯಿಸಿದ. ಆಕೆ ಮರುಗಿ ತನ್ನ ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು! ಅವನು ಬೇಡವೆಂದನೇ? ಅರ್ಧ ತಿಂದು, ಕೈ ತೊಳೆದು ಬಂದು ವರದಿ ಒಪ್ಪಿಸಿದ: "ಬುತ್ತಿ ಬಿಚ್ಚೇ ಇದ್ದಿಲ್ರಿ ಡಾಕ್ಟ್ರ. ಆಕಿ ಏನೂ ತಿಂದಿಲ್ಲ."

"ಸಿಸ್ಟರ್, ದಯವಿಟ್ಟು ನಿಮ್ಮ ಮಾವನನ್ನು ಮನೆಗೆ ಕಳಿಸಿ" ಎಂದರು ಡಾಕ್ಟರಮ್ಮ. ಹೋಗುವ ಆಸಾಮಿಯೇ ಅವನು?

ಮತ್ತೊಂದು ದಿನ, ಕುಮಾರಪಟ್ಟಣದ ಹತ್ತಿರ ಕಟ್ಟಡ ಕೆಲಸಕ್ಕೆ ಬಂದಿದ್ದ ಒಡಿಶಾದ ತರುಣನೊಬ್ಬ ಹೊಟ್ಟೆ ಹಿಡಿದುಕೊಂಡು ಬಂದ. ಜೊತೆಗೆ ಅವನ ಮೇಸ್ತ್ರಿ. ಕೇಳಿದ್ದಕ್ಕೆಲ್ಲ ಮೇಸ್ತ್ರಿಯದೇ ಉತ್ತರ: "ಗ್ಯಾಸ್ ಐತ್ರಿ ಮೇಡಂ. ಒಂದ್ ಗುಳಿಗಿ ಕೊಡ್ರಿ, ನಾಳಿ ಸ್ಲ್ಯಾಬ್ ಹಾಕೂದೈತಿ." ಡಾಕ್ಟರಮ್ಮ ಫೋನಿಗೆ ಹೊಸದಾಗಿ ಹಾಕಿಸಿಕೊಂಡಿದ್ದ ಅನುವಾದದ ಆ್ಯಪ್‌ನಿಂದ ಒಡಿಯಾದಲ್ಲೇ ಕೇಳಿಸಿದರು. ತರುಣ ಮೇಸ್ತ್ರಿಯ ಮುಖ ನೋಡಿ, ನೋವೇ ಇಲ್ಲವೆಂದು ತಲೆಯಾಡಿಸಿದ. ಹಣೆ ಮಾತ್ರ ಬೆವರುತ್ತಿತ್ತು. ನನಗೆ ಭಯವಾಯಿತು.

ಮಾಮಾ ಹೆಗಲ ಮೇಲಿನ ಟವೆಲ್ ತೆಗೆದ. ದನದ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುತ್ತಾರೆಯೇ? ಪಕ್ಕದವರಿಗೆ ಕಾಣದಂತೆ ಟವೆಲಿನ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತಾರೆ. ಮಾಮಾ ತನ್ನ ತೋಳನ್ನು ಮೆಲ್ಲಗೆ ಚಿವುಟಿಕೊಂಡು ಒಂದು ಬೆರಳು ತೋರಿಸಿದ. ಆಮೇಲೆ ಮೀಸೆಯನ್ನು ಕಣ್ಣಲ್ಲಿ ನೀರು ಬರುವಂತೆ ಜಗ್ಗಿಕೊಂಡು ಐದೂ ಬೆರಳು ತೋರಿಸಿದ. ಕೊನೆಗೆ ತರುಣನ ಹೊಟ್ಟೆಯ ಕಡೆ ಕೈಮಾಡಿ, ಇಬ್ಬರ ಕೈಗಳ ಮೇಲೂ ಟವೆಲ್ ಹೊದಿಸಿದ.

"ಇದೇನ್ ಎತ್ತಿನ ವ್ಯಾಪಾರ ಏನ್ರೀ ಯಜಮಾನ್ರ?" ಮೇಸ್ತ್ರಿ ನಕ್ಕ.

ಮಾಮಾ ನಗಲಿಲ್ಲ. "ಡಾಕ್ಟ್ರ, ಐದೂ ಬೆರಳ ಹಿಡದಾನ್ರಿ. ಬಿಡವಲ್ಲ."

ಡಾಕ್ಟರಮ್ಮ ಮೇಸ್ತ್ರಿಯನ್ನು ಹೊರಗೆ ಕಳಿಸಿ ಮತ್ತೆ ಫೋನ್ ಹಿಡಿದರು. ಈಗ ತರುಣನಿಗೆ ಮಾತು ಬಂತು, ಜೊತೆಗೆ ಅಳುವೂ. ಸ್ಕ್ಯಾನಿಂಗ್ ಮಾಡಿದರೆ ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು. ಅಂದೇ ಆಪರೇಷನ್ ಆಯಿತು, ಹುಡುಗ ಉಳಿದ. ಮರುದಿನ "ನಿಮ್ಮ ಮಾವ ಯಾಕೆ ಇನ್ನೂ ಬಂದಿಲ್ಲ?" ಎಂದು ಕೇಳಿದವರು ಯಾರೆಂದುಕೊಂಡಿರಿ? ಅದೇ ಡಾಕ್ಟರಮ್ಮ!

ಆಸ್ಪತ್ರೆಯಿಂದ ಹೊರಟ ದಿನ ತರುಣ ತಾನೇ ಮಾಮಾನ ಹೆಗಲಿನಿಂದ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ. ಊರಿಗೆಲ್ಲ ಕೇಳುವಂತೆ ಕೂಗುವ ನಮ್ಮ ಮಾಮಾ ತಲೆ ತಗ್ಗಿಸಿ ಟವೆಲನ್ನೇ ನೋಡುತ್ತ ನಿಂತ.

ತರುಣ ಹೋದ ಮೇಲೆ ಕೇಳಿದೆ: "ಎಷ್ಟ್ ಬೆರಳ ಹಿಡದಾ ಮಾಮಾ?"

"ಬೆರಳ ಹಿಡೀಲಿಲ್ಲವ್ವಾ," ಎಂದು ಮಾಮಾ ಅದೇ ಟವೆಲಿನಿಂದ ಕಣ್ಣೊರೆಸಿಕೊಂಡ. "ಸುಮ್ನ ಕೈ ಹಿಡಕೊಂಡು ನಿಂತಾ."