ಹಿತ್ತಿಲ ಬಾವಿಯಲ್ಲಿ ಆಕ್ಟೋಪಸ್

ಅಷ್ಟಕ್ಕೂ ದೊಡ್ಡಗಾಜನೂರಿನ ಪುಟ್ಟರಾಜು ಮಾಡಿದ ತಪ್ಪು ಒಂದೇ. ತೂತ್ತುಕುಡಿಯಲ್ಲಿ ಶಂಖ ತೆಗೆಯುವ ದೋಣಿಯೊಂದರಲ್ಲಿ ಎರಡು ವರ್ಷ ಅನ್ನ ಬೇಯಿಸಿ ಬಂದವನು, ಅನ್ನ ಬೇಯಿಸಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಊರಿಗೆ ಹೇಳಿದ. ಸಮುದ್ರದಲ್ಲಿ ಮುಳುಗುತ್ತಿದ್ದವರು ಬೇರೆಯವರು. ಇವನಿಗೆ ಈಜು ಹಾಗಿರಲಿ, ಮೊಣಕಾಲುದ್ದದ ಹಳ್ಳ ದಾಟುವಾಗಲೂ ಎದೆ ಡವಡವ ಅನ್ನುತ್ತಿತ್ತು. ಆದರೆ ಅವರು ಊಟದ ಹೊತ್ತಿಗೆ ಹೇಳಿದ ಆಕ್ಟೋಪಸ್ ಕತೆಗಳೆಲ್ಲ ಚಿಕ್ಕಸಿದ್ದನ ಟೀ ಅಂಗಡಿಗೆ ಬರುವಷ್ಟರಲ್ಲಿ ಪುಟ್ಟರಾಜುವಿನ ಸ್ವಂತ ಅನುಭವಗಳಾಗಿಬಿಟ್ಟಿದ್ದವು.

ಆ ಕತೆಗಳಿಗೇ ಮರುಳಾಗಿ ಹಾಸನೂರಿನ ಗುರುಸ್ವಾಮಿ ತನ್ನ ಮಗಳು ಪರಿಮಳಳನ್ನು ಕೊಡಲು ಮುಂದೆ ಬಂದ. ಮೂವತ್ತಾರು ತುಂಬಿ, ಹೋದ ಕಡೆಯೆಲ್ಲ ಬೇಡ ಅನ್ನಿಸಿಕೊಂಡ ಪುಟ್ಟರಾಜುವಿಗೆ ಈ ಸಂಬಂಧವೂ ತಪ್ಪಿದರೆ ಮುಂದೆ ಮದುವೆಯ ಮಾತೇ ಇರಲಿಲ್ಲ. ಇವತ್ತು ಗುರುಸ್ವಾಮಿ ಮನೆ ನೋಡಲು ಬಂದಿದ್ದ. ಒಪ್ಪಿಗೆಯಾದರೆ ನಾಟಿಕೋಳಿ ಊಟ, ಊಟವಾದ ಮೇಲೆ ತಾಂಬೂಲ ಅಂತ ಮಾತಾಗಿತ್ತು.

ಮನೆ ನೋಡಿ, ಕೊಟ್ಟಿಗೆ ನೋಡಿ, ಹಿತ್ತಿಲ ಬಾವಿಯ ಹತ್ತಿರ ಬಂದರು. ಗುರುಸ್ವಾಮಿ ಬಾವಿಕಟ್ಟೆಗೆ ಒರಗಿದ್ದೇ ತಡ, ಕರೆಯದೆ ಬಂದಿದ್ದ ಚಿಕ್ಕಸಿದ್ದ ಬಾಯಿ ಹಾಕಿದ.

“ರಾಜಣ್ಣ, ಆ ಎಂಟ್ ಕೈಯಿನ ಪ್ರಾಣಿ ಕತೆ ಏಳಣ್ಣ ಮಾವ್ನೋರ್ಗೆ!”

ಪುಟ್ಟರಾಜು ಗಂಟಲು ಸರಿಮಾಡಿಕೊಂಡ. “ಆಳದಲ್ಲಿ ಒಂದ್ ಬಿಲ ಇತ್ತು ಮಾವ. ಅದ್ರಿಂದ ಮೊದ್ಲು ಒಂದ್ ಕೈ ಬಂತು. ನನ್ ಕಿವಿ ಮುಟ್ ನೋಡ್ತು. ಅದ್ಕೆ ಕೈಯಲ್ಲೇ ನಾಲ್ಗೆ ಕಣ್ ಮಾವ, ಮುಟ್ಟುದ್ರೇ ರುಚಿ ಗೊತ್ತಾಯ್ತದ. ಆಮೇಲೆ ಲಬಕ್ನೆ ನನ್ ಮುಳುಗೋ ಕನ್ನಡ್ಕ ಕಿತ್ಕಂಡು ಬಿಲಕ್ ಓಯ್ತು!”

“ಬುಟ್ಬುಟ್ಟಾ ನೀನು?” ಗುರುಸ್ವಾಮಿ ಕಣ್ಣರಳಿಸಿದ.

“ಬುಟ್ಟೇನಾ? ಒಂದ್ ಕಪ್ಪೆಚಿಪ್ಪು ತೋರುಸ್ದೆ. ಅದು ಯೋಚ್ನೆ ಮಾಡ್ತು. ಮೈ ಕೆಂಪಗ್ ಮಾಡ್ಕಂತು, ಬೆಳ್ಳಗ್ ಮಾಡ್ಕಂತು. ಕೊನೆಗೆ ಚಿಪ್ಪು ತಕ್ಕಂಡು ಕನ್ನಡ್ಕ ವಾಪಸ್ ಕೊಡ್ತು. ತಾಳವಾಡಿ ಸಂತೇಲೂ ಅಂಥ ನ್ಯಾಯದ ಯಾಪಾರ ಇಲ್ಲ ಮಾವ!”

ಗುರುಸ್ವಾಮಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕ. ಹಾಗೆ ಬಗ್ಗಿದಾಗ ಅವನು ಕಟ್ಟಿಸಿಕೊಂಡಿದ್ದ ಹಲ್ಲು ಸೆಟ್ಟು ಬಾಯಿಂದ ಜಾರಿ ಬುಳುಕ್ಕನೆ ಬಾವಿಗೆ ಬಿತ್ತು.

ಯಾರೂ ನಗಲಿಲ್ಲ. ನಗದಿರಲು ಪಟ್ಟ ಪಾಡು ಶಿವನೇ ಬಲ್ಲ. ಒಳಗಿಂದ ಕೋಳಿ ಸಾರಿನ ಘಮ ಬರುತ್ತಿತ್ತು.

“ಅಲ್ಲು ಇಲ್ದೆ ಊಟ ಇಲ್ಲ, ಊಟ ಇಲ್ದೆ ತಾಂಬೂಲ ಇಲ್ಲ” ಎಂದು ಗುರುಸ್ವಾಮಿ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ಗೊಣಗಿದ.

“ಅದ್ಕ್ಯಾಕ್ ಯೋಚ್ನೆ? ಸಮುದ್ರ ಮುಳುಗ್ದೋನ್ಗೆ ಈ ಬಾವಿ ಯಾವ್ ಮಹಾ!” ಎಂದ ಚಿಕ್ಕಸಿದ್ದ.

ಪುಟ್ಟರಾಜು ಬಾವಿಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. “ನಂದು ಉಪ್ಪುನೀರ್ಗೆ ಒಗ್ಗಿದ್ ಮೈ ಕಣ್ಲಾ, ಸೀನೀರು ಆಗಲ್ಲ” ಅಂದ. ಚಿಕ್ಕಸಿದ್ದ ಓಡಿಹೋಗಿ ಐದು ಕಿಲೋ ಕಲ್ಲುಪ್ಪು ತಂದು ಬಾವಿಗೆ ಸುರಿದ. ಪುಟ್ಟರಾಜು ಮುಳುಗುವ ಕನ್ನಡಕ ಇಲ್ಲ ಅಂದ. ವೆಲ್ಡಿಂಗ್ ಅಂಗಡಿಯ ಕರಿ ಕನ್ನಡಕ ಬಂತು. ಪಾತಾಳಗರಡಿ ಬಿಟ್ಟರೆ ಸಾಕಲ್ಲವೇ ಅಂದ. ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲೂ ಬಂತು.

“ಬರೀ ಕೊಕ್ಕೆಗೆ ಅಲ್ಲು ಸಿಕ್ಕಲ್ಲ ಕಣಣ್ಣ. ನೀನಿಳಿ, ಇದೂ ಜೊತೇಲಿರ್ಲಿ” ಎಂದ ಚಿಕ್ಕಸಿದ್ದ.

ಪುಟ್ಟರಾಜು ಅವ್ವನ ಮುಖ ನೋಡಿದ. “ಬಿರ್ರನೆ ಓಗ್ಬುಟ್ ಬಾ ಮೊಗ, ಸಾರು ಆರೋಯ್ತದ” ಎಂದಳು ಚಿಕ್ಕಬಸಮ್ಮ. ನಾಲ್ಕು ಜನ ಸೇರಿ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿಯೇಬಿಟ್ಟರು.

ಪುಟ್ಟರಾಜು ಗುಂಡುಕಲ್ಲಿನಂತೆ ತಳ ಸೇರಿದ. ಕರಿ ಕನ್ನಡಕದಲ್ಲಿ ಏನೂ ಕಾಣದು. ಅಷ್ಟರಲ್ಲಿ ತಣ್ಣಗೆ ಏನೋ ಕಿವಿ ಮುಟ್ಟಿತು. ಆಮೇಲೆ ಲಬಕ್ಕನೆ ಕನ್ನಡಕ ಕಿತ್ತುಕೊಂಡಿತು. ಮೇಲೆ ನಿಂತ ಚಿಕ್ಕಸಿದ್ದ ಪಾತಾಳಗರಡಿ ಆಡಿಸುತ್ತಿದ್ದ, ಅಷ್ಟೆ. ಪುಟ್ಟರಾಜುವಿಗೆ ಮಾತ್ರ ಅದು ಆಕ್ಟೋಪಸ್ಸೇ. ತನ್ನ ಹೆಸರಲ್ಲಿ ಬಿಟ್ಟ ಬುರುಡೆಗೆಲ್ಲ ಜವಾಬು ಕೇಳಲು ತೂತ್ತುಕುಡಿಯಿಂದ ಬಂದಿದೆ! ಚಿಪ್ಪು ಕೊಟ್ಟರೆ ಬಿಡುತ್ತದೆ ಅಂತ ಕೆಸರಲ್ಲಿ ತಡಕಾಡಿದ. ಗಟ್ಟಿಯಾದದ್ದೊಂದು ಸಿಕ್ಕಿತು. ತಗೋ ಮಾರಾಯ ಅಂತ ಅದನ್ನು ಚಾಚುವಷ್ಟರಲ್ಲಿ ಕೊಕ್ಕೆ ಚಡ್ಡಿಗೆ ಸಿಕ್ಕಿಕೊಂಡಿತು. ಹಗ್ಗ ಕಿತ್ತುಬರುವಂತೆ ಒದ್ದಾಡಿದ.

ಮೇಲೆಳೆದಾಗ ಚಡ್ಡಿ ಹರಿದಿತ್ತು, ಮೂಗಲ್ಲಿ ನೀರು ಸುರಿಯುತ್ತಿತ್ತು, ಮುಷ್ಟಿಯಲ್ಲಿ ಹಲ್ಲು ಸೆಟ್ಟಿತ್ತು.

ಗುರುಸ್ವಾಮಿ ಅದನ್ನು ತೊಳೆದು ಬಾಯಿಗೆ ಹಾಕಿಕೊಂಡ. “ಅಳಿಯ ಅಂದ್ರೆ ಇವ್ನಪ್ಪ!” ಎಂದು ಪುಟ್ಟರಾಜುವಿನ ಬೆನ್ನು ತಟ್ಟಿದ. ಪುಟ್ಟರಾಜುವಿಗೆ ಸಂತೋಷದಲ್ಲಿ ಅಳುವೇ ಬಂತು.

ಎಲೆ ಹಾಕಿದರು. ಗುರುಸ್ವಾಮಿ ಕೋಳಿತೊಡೆ ಕಚ್ಚಿ ಎಳೆದ. ತೊಡೆಯ ಜೊತೆ ಹಲ್ಲೂ ಕೈಗೆ ಬಂತು.

“ಇದು ನಂದಲ್ಲ ಕಣವ್ವ, ಬಲೇ ಸಡ್ಲ ಅದ.”

ಬಡಿಸುತ್ತಿದ್ದ ಚಿಕ್ಕಬಸಮ್ಮ ಬಗ್ಗಿ ನೋಡಿ ಸೌಟು ಕೈಬಿಟ್ಟಳು. “ಅಯ್ಯಯ್ಯೋ, ನಮ್ ಯಜಮಾನ್ರುದು ಕಣಪ್ಪೋ! ಇವ್ನು ತೂತ್ತುಕುಡೀಲಿದ್ದಾಗ ಬಾಯಿ ಮುಕ್ಕಳಿಸ್ತಾ ಬಾವಿಗ್ ಬೀಳಿಸ್ಕಂಡು, ಗಂಜಿ ಕುಡ್ಕಂಡೇ ಕಣ್ಮುಚ್ಚುದ್ರು!” ಎಂದು ಸೆರಗು ಬಾಯಿಗಿಟ್ಟು ಅತ್ತಳು.

ಗುರುಸ್ವಾಮಿ ಸತ್ತವನ ಹಲ್ಲನ್ನು ಎಲೆಯ ತುದಿಗಿಟ್ಟು ಮೂರು ಸಲ ಉಗಿದ. “ನನ್ ಅಲ್ಲು ಬರಗಂಟ ಮಗ್ಳ ಮಾತೇ ಎತ್ಬೇಡಿ!”

ಪುಟ್ಟರಾಜು ಎಲ್ಲರ ಮುಂದೆ ಕೈಮುಗಿದ. “ನಿಜ ಏಳ್ಬುಡ್ತೀನಿ ಮಾವ. ನಂಗೆ ಈಜೇ ಬರಲ್ಲ. ನಾನು ದೋಣೀಲಿ ಅನ್ನ ಬೇಯಿಸ್ತಿದ್ದೋನು. ಆಕ್ಟೋಪಸ್ಸ ನೋಡಿರದು ಮೀನ್ ಬುಟ್ಟೀಲೇ!”

ಎಲ್ಲರೂ ಆಕ್ಟೋಪಸ್ ಕತೆಗೂ ನಗದಷ್ಟು ನಕ್ಕರು.

“ಸುಳ್ಳೇಳಕ್ಕೂ ಒಂದ್ ಮಿತಿ ಬ್ಯಾಡ್ವಾ ರಾಜಣ್ಣ?” ಎನ್ನುತ್ತ ಚಿಕ್ಕಸಿದ್ದ ಅವನ ಸೊಂಟಕ್ಕೆ ಮತ್ತೆ ಹಗ್ಗ ಬಿಗಿದ. “ಸತ್ತೋರ್ ಅಲ್ಲನ್ನೇ ತಂದೋನ್ಗೆ ಬದ್ಕಿರೋರ್ ಅಲ್ಲು ತರದು ಕಷ್ಟವಾ? ಇಳಿ, ಇಳಿ!”